ಒಮ್ಮೆ ಮಾತ್ರ ಹೊಯ್ಯುವ ನೀರು

ಗುಜರಾತಿಗೆ ಹೋಗಿ ಬಂದವರು ಸಿಂಹ ನೋಡಿದ್ದನ್ನೋ ಉಪ್ಪಿನ ಬಯಲು ನೋಡಿದ್ದನ್ನೋ ಹೇಳುತ್ತಾರೆ. ನಾನು ಅದ್ಯಾವುದನ್ನೂ ನೋಡಲಿಲ್ಲ. ನೋಡಿದ್ದು ಅಹಮದಾಬಾದ್, ವಡೋದರಾ, ಸೂರತ್ ಎಂಬ ಮೂರು ಊರುಗಳಲ್ಲಿ ಮೂರು ಮನೆಗಳ ಒಳಗನ್ನು, ಅದೂ ಹೆಚ್ಚಾಗಿ ಅಡುಗೆಮನೆಯ ಕಡೆಯಿಂದ. ಹೋಗಿದ್ದೂ ನೋಡುವುದಕ್ಕಲ್ಲ, ವಾದ ಮಾಡುವುದಕ್ಕೆ. ರೈಲು ಹತ್ತಿ ಅಷ್ಟು ದೂರ ಜಗಳಕ್ಕೆಂದೇ ಹೋದವಳು ನಮ್ಮ ಕಡೆ ನಾನೊಬ್ಬಳೇ ಇರಬೇಕು.

ನಮ್ಮದು ಕೊಳ್ಳೇಗಾಲದ ಕಡೆ. ತಲೆತಲಾಂತರದಿಂದ ಕಥೋಲಿಕರು, ಮನೆಮಾತು ಕನ್ನಡವೇ. ಮಂಗಳೂರು ಬಿಟ್ಟು ಬೇರೆ ಕಡೆಯೂ ಕಥೋಲಿಕರಿದ್ದಾರೆಯೇ ಎಂದು ಈಗಲೂ ಕೆಲವರು ಹುಬ್ಬೇರಿಸುತ್ತಾರೆ. ಅಂಥವರಿಗೆ ನಮ್ಮ ಅಜ್ಜ ಅರುಳಪ್ಪನ ಹೆಸರು, ನಮ್ಮ ಕಡೆಯ ಕಥೋಲಿಕರು ಇಟ್ಟುಕೊಳ್ಳುವ ಹೆಸರು, ಹೇಳಿ ಸುಮ್ಮನಾಗುತ್ತೇನೆ. ನಾನು ವಾರವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸಿದವಳು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು. ಎರಡರಿಂದಲೂ ನನಗೆ ಅಂಟಿದ ಗುಣ ಒಂದೇ. ಎದುರಿಗಿದ್ದವರು ತಪ್ಪು ಹೇಳಿದರೆ ತಿದ್ದುವ ತನಕ ನನಗೆ ಊಟ ರುಚಿಸುವುದಿಲ್ಲ.

ತಂಗಿ ಲೂರ್ದು ಮದುವೆಯಾಗಿ ಅಹಮದಾಬಾದಿಗೆ ಹೋದವಳು. ಅವಳ ಗಂಡನಿಗೆ ತೈಲ ಕಂಪನಿಯಲ್ಲಿ ಕೆಲಸ. ಮಗಳು ಸೆಲಿನ್ ಅಲ್ಲೇ ಹುಟ್ಟಿ ಬೆಳೆದು, ವಿಪುಲ್ ಎಂಬ ಗುಜರಾತಿ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನೂ ಕ್ರೈಸ್ತನೇ, ಆದರೆ ಕಥೋಲಿಕನಲ್ಲ. ಬೈಬಲ್ ಒಂದೇ ಸಾಕು, ಪೋಪು ಬೇಡ, ಸಂತರು ಬೇಡ ಎನ್ನುವ ಸಣ್ಣ ಸಭೆಯೊಂದಕ್ಕೆ ಸೇರಿದವನು. ಆ ಸಭೆಯಲ್ಲಿ ಕೂಸುಗಳಿಗೆ ಜ್ಞಾನಸ್ನಾನವಿಲ್ಲ. ಬುದ್ಧಿ ಬಂದು, ನಂಬಿದ್ದೇನೆ ಎಂದು ತಾವೇ ಬಾಯಿಬಿಟ್ಟು ಹೇಳಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸುತ್ತಾರೆ. ನಮ್ಮಲ್ಲಾದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಗುರುಗಳು ಕೂಸಿನ ತಲೆಗೆ ನೀರು ಹೊಯ್ದು ಮುಗಿಸುತ್ತಾರೆ. ಮದುವೆಯ ಹೊತ್ತಿನಲ್ಲಿ ಈ ವಿಷಯವನ್ನು ಯಾರೂ ಎತ್ತಲಿಲ್ಲ. ಸೆಲಿನ್‌ಗೆ ಹೆಣ್ಣುಕೂಸು ಹುಟ್ಟಿತು. ಆಶಾ ಎಂದು ಹೆಸರಿಟ್ಟರು. ಆರು ತಿಂಗಳಾದರೂ ಜ್ಞಾನಸ್ನಾನದ ಸುದ್ದಿಯೇ ಇಲ್ಲ. ಆಗ ಲೂರ್ದು ನನಗೆ ಫೋನು ಮಾಡಿದಳು.

"ಅಕ್ಕ, ನೀನೇ ಬರ್ಬೇಕು. ಅಳಿಯ ಮೊಬೈಲಲ್ಲಿ ಬೈಬಲ್ಲು ತೆಗೆದು ಮುಂದಿಟ್ರೆ ನಾನು ಬಾಯಿ ಮುಚ್ಕತೀನಿ. ನೀನಾದ್ರೆ ಜವಾಬು ಕೊಡ್ತೀಯ."

ನನಗೆ ಒಳಗೊಳಗೇ ಖುಷಿಯಾಯಿತು. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಜವಾಬು ಕೇಳಿರಲಿಲ್ಲ.

ಚಾಂದ್‌ಖೇಡಾ

ಮೊದಲ ಎಡವಟ್ಟು ನನ್ನ ಚೀಲದಲ್ಲೇ ಆಗಿತ್ತು. ತಂಗಿಗೆಂದು ರಾಗಿಹಿಟ್ಟು, ಕೂಸಿಗೆಂದು ಜ್ಞಾನಸ್ನಾನದ ಬಿಳಿ ಅಂಗಿ, ಎರಡನ್ನೂ ಒಟ್ಟಿಗೆ ಇಟ್ಟಿದ್ದೆ. ಮಹಾರಾಷ್ಟ್ರ ದಾಟುವಷ್ಟರಲ್ಲಿ ಹಿಟ್ಟಿನ ಪೊಟ್ಟಣ ಒಡೆದು, ಅಹಮದಾಬಾದಿನಲ್ಲಿ ಚೀಲ ಬಿಚ್ಚಿದಾಗ ಅಂಗಿ ನಮ್ಮೂರಿನ ರಸ್ತೆಯ ಬಣ್ಣಕ್ಕೆ ತಿರುಗಿತ್ತು. ಲೂರ್ದು ನಗಲೂ ಇಲ್ಲ, ಬೈಯಲೂ ಇಲ್ಲ. ಅಂಗಿಯನ್ನು ಎತ್ತಿಕೊಂಡು ಹೋಗಿ ನೆನೆಹಾಕಿದಳು. ಅವಳು ಸಣ್ಣವಳಿದ್ದಾಗಿನಿಂದ ನನ್ನ ತಪ್ಪು ಸಿಕ್ಕರೆ ಬಿಡುವವಳಲ್ಲ. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡೆ.

ಕಂಪನಿಯ ನೌಕರರ ವಸತಿ ಅದು. ಎದುರು ಮನೆಯವರು ಧಾರವಾಡದ ಕಡೆಯವರು. ಅವರ ಮೊಮ್ಮಗಳು ನನ್ನನ್ನು ನೋಡಿ, "ಅಜ್ಜಿ, ನೀವು ಟ್ರೇನ್ ಮೇ ಬಂದ್ರಿ ಕ್ಯಾ?" ಎಂದು ಕೇಳಿದಳು. ಕನ್ನಡ ಮೇಷ್ಟರ ಜೀವ ತಿದ್ದಲು ಹೊರಟಿತು. ಅವಳ ಅಜ್ಜಿಯೇ ಕೈಸನ್ನೆ ಮಾಡಿ, "ಬಿಡ್ರಿ, ಅಷ್ಟರೆ ಕನ್ನಡ ಆಡ್ತದಲ್ಲಾ" ಎಂದರು.

ಆ ಊರಿನಲ್ಲಿ ಬಂದವರಿಗೆ ಮೊದಲು ತಟ್ಟೆಯಲ್ಲಿಟ್ಟು ನೀರು ಕೊಡುತ್ತಾರೆ. ಕುಡಿದ ಮೇಲೆಯೇ ಮಾತು. ಇದು ನನಗೆ ಹಿಡಿಸಿತು. ಬೇಳೆಗೆ ಬೆಲ್ಲ ಹಾಕುವುದು ಹಿಡಿಸಲಿಲ್ಲ. ತಂಗಿಯ ಕೈಯಡುಗೆಯೂ ಆ ಕಡೆಗೇ ವಾಲಿತ್ತು. ಸಾರು ಸಿಹಿಯಲ್ಲವೇ ಎಂದು ಕೇಳಿದರೆ, "ಎಲ್ಲಿ ಸಿಹಿ? ಚೂರು ಬೆಲ್ಲ" ಎಂದಳು.

ಗಂಡ ಕೆಲಸದ ಮೇಲೆ ಮೆಹ್ಸಾಣಾ ಕಡೆಗೆ ಹೋಗಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಲೂರ್ದು ಕೂಸು ಹುಟ್ಟಿದ ಕತೆಯನ್ನು ಮತ್ತೆ ಮತ್ತೆ ಹೇಳಿದಳು. ದಿನ ತುಂಬುವ ಮೊದಲೇ ಹುಟ್ಟಿದ್ದು, ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದು, ಮೂಗಿಗೆ ಕೊಳವೆ ಹಾಕಿದ್ದು, ತಾನು ಹೊರಗಿನ ಬೆಂಚಿನಲ್ಲಿ ಜಪಸರ ಹಿಡಿದು ಕೂತದ್ದು. ಆಮೇಲೆ ಕೂಸು ಚೇತರಿಸಿಕೊಂಡು ಬಾಣಂತಿಯ ಜೊತೆ ಈ ಮನೆಗೇ ಬಂತು. ಹಾಲು ಕುಡಿಯುವಾಗ ಒಂದು ಸಲ ಕೆಮ್ಮಿ ನೀಲಿಗಟ್ಟಿತಂತೆ. "ಜ್ಞಾನಸ್ನಾನ ಆಗ್ದೆ ಏನಾದ್ರೂ ಆಗಿದ್ದಿದ್ರೆ ಅಂತ ಈಗ್ಲೂ ಎದೆ ನಡುಗ್ತದೆ ಅಕ್ಕ" ಎಂದಳು.

ಭಾನುವಾರ ಚರ್ಚಿಗೆ ಹೋದೆವು. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಗುಜರಾತಿ ಭಜನೆ ಹಾಡಿದರು. ಪೂಜೆಯಲ್ಲಿ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಎಲ್ಲ ಕಡೆ ಒಂದೇ ಆದ್ದರಿಂದ ನಾನು ಎಲ್ಲೂ ತಪ್ಪಲಿಲ್ಲ. ಪೂಜೆಯಾದ ಮೇಲೆ ಗುರುಗಳು, ತಂದೆತಾಯಿಯರಲ್ಲಿ ಒಬ್ಬರು ಒಪ್ಪಿದರೂ ಸಾಕು, ಜ್ಞಾನಸ್ನಾನ ಕೊಡುತ್ತೇನೆ ಎಂದರು. ಆದರೆ ಗಂಡನ ಒಪ್ಪಿಗೆಯಿಲ್ಲದೆ ಕೂಸನ್ನು ಎತ್ತಿಕೊಂಡು ಬರುವುದಿಲ್ಲ ಎಂದು ಸೆಲಿನ್ ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಎಲ್ಲವೂ ವಿಪುಲನ ಬಾಯಿಂದ ಹೂಂ ಎನ್ನಿಸುವುದರ ಮೇಲೆ ನಿಂತಿತ್ತು.

ವಸ್ತ್ರಾಪುರ

ತಾಲೀಮಿಗೆಂದು ವಸ್ತ್ರಾಪುರದ ಕೆರೆಯ ದಂಡೆಗೆ ಹೋದೆವು. ಲೂರ್ದು ವಿಪುಲನಾಗಬೇಕು, ನಾನು ನಾನೇ. ಅವಳಷ್ಟು ಕೆಟ್ಟ ಎದುರಾಳಿಯನ್ನು ನಾನು ಕಂಡಿಲ್ಲ. ನಾನು ಒಂದು ಮಾತು ಹೇಳುವಷ್ಟರಲ್ಲಿ, "ಅದೂ ನಿಜಾನೇ" ಎಂದು ಒಪ್ಪಿಬಿಡುತ್ತಿದ್ದಳು. ಸುತ್ತ ಮೂತಿಗೆಲ್ಲ ದುಪಟ್ಟಾ ಸುತ್ತಿ ಬರೀ ಕಣ್ಣು ಬಿಟ್ಟುಕೊಂಡ ಹುಡುಗಿಯರು ಸ್ಕೂಟರಿನಲ್ಲಿ ಬಂದು, ದುಪಟ್ಟಾ ಬಿಚ್ಚಿ, ಐಸ್‌ಕ್ರೀಂ ತಿಂದು, ಮತ್ತೆ ಸುತ್ತಿಕೊಂಡು ಹೋಗುತ್ತಿದ್ದರು. ಬಿಸಿಲಿಗೂ ಧೂಳಿಗೂ ಹೀಗಂತೆ.

ಒಂದು ಪ್ರಶ್ನೆಯನ್ನು ಮಾತ್ರ ಲೂರ್ದು ತಾನಾಗಿಯೇ ಕೇಳಿದಳು. "ಅಕ್ಕ, ಗುರುಗಳಲ್ದೆ ಬೇರೆಯವರು ನೀರು ಹೊಯ್ದ್ರೂ ಅದು ನಿಜವಾಗ್ಲೂ ಆಗ್ತದಾ?"

"ಜೀವ ಹೋಗೋ ಹಂಗಿದ್ರೆ ಯಾರು ಬೇಕಾದ್ರೂ ಕೊಡಬಹುದು. ನರ್ಸು ಕೊಡಬಹುದು, ಹಿಂದೂ ಆದ್ರೂ ಕೊಡಬಹುದು. ಸರಿಯಾದ ಮಾತು, ಹರಿಯೋ ನೀರು, ನಮ್ಮ ಧರ್ಮಸಭೆ ಮಾಡೋದನ್ನೇ ಮಾಡ್ತೀನಿ ಅನ್ನೋ ಮನಸ್ಸು, ಇಷ್ಟಿದ್ರೆ ಆಯ್ತು. ಭಾನುವಾರದ ಪಾಠದಲ್ಲಿ ನಿಂಗೆ ಬೊಂಬೆ ಇಟ್ಕೊಂಡು ಹೇಳಿಕೊಟ್ಟಿದ್ನಲ್ಲ. ಅದು ಈಗ ಯಾಕೆ? ವಿಪುಲ ಅದನ್ನ ಕೇಳಲ್ಲ" ಎಂದು ಗದರಿದೆ.

ಹೊಟ್ಟೆ ಚುರುಗುಟ್ಟಿ ಹತ್ತಿರದ ಉಡುಪಿ ಹೋಟೆಲಿಗೆ ನುಗ್ಗಿದೆವು. ಗಲ್ಲಾದಲ್ಲಿ ಕುಂದಾಪುರ ಕಡೆಯ ಶೆಟ್ಟರು. ಕನ್ನಡ ಕೇಳಿದ್ದೇ ಎದ್ದು ಬಂದರು. ಇಲ್ಲೂ ಸಾಂಬಾರು ಸಿಹಿ. "ಎಂತ ಮಾಡೂದು ಅಕ್ಕ, ಬೆಲ್ಲ ಹಾಕದಿದ್ರೆ ಇಲ್ಲಿಯವ್ರು ಹಾಳಾಗಿದೆ ಅಂತ ವಾಪಸ್ ಕಳಿಸ್ತಾರೆ" ಎಂದು ನಮಗೆಂದೇ ಒಳಗಿನಿಂದ ಬೇರೆ ಸಾಂಬಾರು ತರಿಸಿದರು. ಬಂದ ಕಾರಣ ಕೇಳಿದರು. ಹೇಳಿದೆ.

"ನಮ್ಮ ಮನೆಯಲ್ಲಿ ನಾಮಕರಣಕ್ಕೇ ಹೀಗಾಯ್ತು ಮಾರಾಯ್ರೆ. ನನ್ನ ಅಮ್ಮ ಇಟ್ಟ ಹೆಸ್ರು ಒಂದು, ಹೆಂಡತಿಯ ಅಮ್ಮ ಕರಿಯೂದು ಇನ್ನೊಂದು. ಮಗು ಎರಡಕ್ಕೂ ತಿರುಗಿ ನೋಡ್ತದೆ" ಎಂದರು ಶೆಟ್ಟರು.

ಹೆಸರಾದರೆ ಎರಡಿರಬಹುದು ಶೆಟ್ಟರೇ, ಇದು ಹಾಗಲ್ಲ ಎಂದು ನಾನು ಅಲ್ಲೇ ಒಂದು ಸಣ್ಣ ಉಪದೇಶ ಮಾಡಿದೆ. ಅವರು ತಲೆಯಾಡಿಸುತ್ತ ಬೇರೆ ಗಿರಾಕಿಯ ಕಡೆ ಹೋದರು.

ವಡೋದರಾ

ಮಗಳ ಮನೆಯ ಬಾಗಿಲಿನಲ್ಲಿ 'ವಿಪುಲ್ ಕ್ರಿಶ್ಚಿಯನ್' ಎಂಬ ಫಲಕವಿತ್ತು. ಗುಜರಾತಿನ ಕ್ರೈಸ್ತರಲ್ಲಿ ಅದೇ ಮನೆತನದ ಹೆಸರಾಗಿರುವವರು ಬಹಳ ಮಂದಿ. ಬಾಗಿಲಲ್ಲೇ ಒಂದು ಅಂಕ ಬಿಟ್ಟುಕೊಟ್ಟ ಹಾಗಾಯಿತು ನನಗೆ.

ನಡುಮನೆಯಲ್ಲಿ ಉಯ್ಯಾಲೆ. ಆ ಕಡೆ ಉಯ್ಯಾಲೆಯಿಲ್ಲದ ಮನೆ ಕಡಿಮೆ. ದೊಡ್ಡವರೂ ಅದರ ಮೇಲೆ ಕೂತೇ ಪೇಪರು ಓದುತ್ತಾರೆ, ತರಕಾರಿ ಹೆಚ್ಚುತ್ತಾರೆ, ಚಹಾ ಕುಡಿಯುತ್ತಾರೆ. ವಿಪುಲ್ ಕೂಸನ್ನು ಎದೆಗೆ ಒರಗಿಸಿಕೊಂಡು ಉಯ್ಯಾಲೆಯಲ್ಲಿ ಕೂತ. ಎದುರಿಗೆ ಕುರ್ಚಿಯಲ್ಲಿ ನಾನು. ಉಯ್ಯಾಲೆಯ ಮೇಲಿರುವವರ ಜೊತೆ ಯಾರೂ ವಾದಕ್ಕೆ ಇಳಿಯಬಾರದು. ಅವನ ಮಾತು ಹತ್ತಿರ ಬಂದು ದೂರ ಹೋಗಿ, ನನಗೆ ತಲೆ ಗಿರ್ರೆನ್ನತೊಡಗಿತು.

ಒಳ್ಳೆಯ ಹುಡುಗ. ಔಷಧದ ಕಾರ್ಖಾನೆಯೊಂದರಲ್ಲಿ ಪರೀಕ್ಷೆ ಮಾಡುವ ಕೆಲಸ. ದೊಡ್ಡಮ್ಮ ಎನ್ನುವುದಕ್ಕೆ ಮಾಸಿ ಎಂದು ಕರೆದು, ಹಿಂದಿಯಲ್ಲಿ ಮಾತಾಡಿದ. ನನ್ನ ಹಿಂದಿ ಪರೀಕ್ಷೆ ಪಾಸು ಮಾಡಿದ ಹಿಂದಿ. ಸಿಕ್ಕಿಹಾಕಿಕೊಂಡಾಗ ಸೆಲಿನ್ ಎತ್ತಿ ನಿಲ್ಲಿಸುತ್ತಿದ್ದಳು.

"ಮಾಸಿ, ಮೊದಲು ನಂಬಿಕೆ, ಆಮೇಲೆ ನೀರು. ಗ್ರಂಥದಲ್ಲಿ ಎಲ್ಲ ಕಡೆ ಅದೇ ಕ್ರಮ. ಈ ಆರು ತಿಂಗಳ ಕೂಸು ಯಾವುದನ್ನು ನಂಬಿದೆ? ಹಾಲನ್ನು" ಎಂದ ವಿಪುಲ್.

"ಮನೆಯವರೆಲ್ಲ ಒಟ್ಟಿಗೆ ಜ್ಞಾನಸ್ನಾನ ಪಡೆದರು ಅಂತ ಅದೇ ಗ್ರಂಥದಲ್ಲಿದೆಯಲ್ಲ. ಮನೆಯವರು ಅಂದರೆ ಕೂಸುಗಳನ್ನು ಹೊರಗೆ ಕೂರಿಸಿದ್ದರೋ?"

"ಕೂಸುಗಳಿದ್ದವು ಅಂತ ಬರೆದಿಲ್ಲ."

"ಇರಲಿಲ್ಲ ಅಂತಲೂ ಬರೆದಿಲ್ಲ."

ಅವನು ನಕ್ಕ. ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನನ್ನು ಮುಂದಕ್ಕೆ ತಂದ. ಅವನ ತಲೆಗೆ ಯಾರೂ ನೀರು ಹೊಯ್ಯಲಿಲ್ಲ, ಆದರೂ ಆ ದಿನವೇ ಪರಲೋಕಕ್ಕೆ ಹೋದನಲ್ಲ ಎಂದ. ನೀರು ಸಿಗದ ಕಡೆ ಬಯಕೆಯೇ ಸಾಕೆಂದು ನಮ್ಮ ಸಭೆಯೂ ಹೇಳುತ್ತದೆ, ಆದರೆ ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಕಳ್ಳನ ದಾರಿ ಯಾಕೆ ಎಂದೆ. ಕೂಸಾಗಿದ್ದಾಗ ಜ್ಞಾನಸ್ನಾನ ಮಾಡಿಸಿಕೊಂಡು, ಆಮೇಲೆ ಚರ್ಚಿನ ಕಡೆ ತಲೆಹಾಕದವರ ರಕ್ಷಣೆ ಹೇಗೆ ಎಂದು ಅವನು ಕೇಳಿದಾಗ ಮಾತ್ರ ನನಗೆ ನಮ್ಮೂರಿನ ಹಲವರು ನೆನಪಾದರು. ಅವರು ಚರ್ಚಿಗೆ ಬರುವುದು ಜ್ಞಾನಸ್ನಾನಕ್ಕೆ, ಮದುವೆಗೆ, ಮಣ್ಣಿಗೆ. ಎರಡು ಸಲ ಬೇರೆಯವರೇ ಎತ್ತಿಕೊಂಡು ಬಂದಿರುತ್ತಾರೆ. ಆ ಪ್ರಶ್ನೆಯನ್ನು ನೀರು ಕುಡಿದು ದಾಟಿಸಿದೆ.

ಕೊನೆಗೆ ಅವನು ತನ್ನ ಗಟ್ಟಿ ಮಾತನ್ನು ಹೊರತೆಗೆದ. "ಮಾಸಿ, ನೀವು ಹೇಳುವುದೆಲ್ಲ ನಿಮ್ಮ ಸಭೆ ಹೇಳಿದ್ದು. ಗ್ರಂಥದಲ್ಲಿ ಬರೆದಿದೆಯೇ ತೋರಿಸಿ."

ಇದಕ್ಕಾಗಿಯೇ ನಾನು ರೈಲಿನಲ್ಲಿ ಬಂದಿದ್ದೆ. "ಎಲ್ಲವೂ ಬರೆದೇ ಇರಬೇಕು ಅಂತ ಎಲ್ಲಿ ಬರೆದಿದೆ, ಅದನ್ನು ಮೊದಲು ತೋರಿಸು. ನಿನ್ನ ಬೈಬಲ್ಲಿನಲ್ಲಿ ಯಾವ ಯಾವ ಪುಸ್ತಕ ಸೇರಬೇಕು ಅಂತ ಬೈಬಲ್ಲೇ ಹೇಳುತ್ತದೆಯೇ? ಆ ಕಾಲದಲ್ಲಿ ಬೇರೆ ಬರಹಗಳೂ ಇದ್ದವು. ಇದು ಬೇಕು, ಇದು ಬೇಡ ಅಂತ ಆರಿಸಿ ಕೊಟ್ಟವರು ಯಾರು? ಸಭೆ. ಆ ತಾಯಿಯ ಕೈಯಿಂದ ಪುಸ್ತಕ ಇಸಿದುಕೊಂಡು, ಈಗ ನೀನು ಬಾಯಿ ಮುಚ್ಚು ಅಂತ ಅವಳಿಗೇ ಹೇಳುತ್ತೀಯಲ್ಲ!"

ವಿಪುಲ್ ಕಾಲೂರಿ ಉಯ್ಯಾಲೆ ನಿಲ್ಲಿಸಿದ. "ಹಾಗಾದರೆ ಸಭೆ ಗ್ರಂಥಕ್ಕಿಂತ ಮೇಲೋ?"

"ಮೇಲಲ್ಲ. ಸೂಲಗಿತ್ತಿ ಕೂಸಿಗಿಂತ ಮೇಲಲ್ಲ. ಆದರೆ ಈ ಕೂಸು ಯಾರದು ಅಂತ ಹೇಳುವುದಕ್ಕೆ ಅವಳು ಬೇಕು."

ಅವನು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಒಪ್ಪಿದನೋ ಬೇಸತ್ತನೋ, ನನಗೆ ಬೇಕಾಗಿರಲಿಲ್ಲ. ನಾನು ಇನ್ನೊಂದು ದಾರಿ ಹಿಡಿದೆ. "ನೋಡಪ್ಪ, ನಿನ್ನ ಲೆಕ್ಕದಲ್ಲಿ ಕೂಸಿಗೆ ಹೊಯ್ದ ನೀರು ಬರೀ ನೀರು. ತಲೆ ಒದ್ದೆಯಾಗುತ್ತದೆ, ಒರೆಸಿದರೆ ಆಯಿತು. ನಮ್ಮ ಲೆಕ್ಕದಲ್ಲಿ ಅದು ಒಂದೇ ಸಲ ಸಿಗುವ ಎರಡನೇ ಹುಟ್ಟು. ಒಮ್ಮೆ ಆಯಿತೆಂದರೆ ಯಾರೂ ಅಳಿಸಲಾರರು, ಯಾರೂ ಮತ್ತೊಮ್ಮೆ ಕೊಡಲಾರರು. ಏನೂ ಕಳೆದುಕೊಳ್ಳದವನು ಎಲ್ಲವನ್ನೂ ಕಳೆದುಕೊಳ್ಳುವವರಿಗೆ ಬಿಟ್ಟುಕೊಟ್ಟರೆ ನಷ್ಟ ಏನು?"

ವಿಪುಲ್ ಕೂಸಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ನಕ್ಕುಬಿಟ್ಟ. "ಮಾಸಿ, ಇಷ್ಟು ಹೊತ್ತು ನೀವು ಧರ್ಮದ ಮಾತು ಹೇಳಿದಿರಿ, ನನಗೆ ತಲೆಗೆ ಹೋಗಲಿಲ್ಲ. ಇದು ಧಂಧೆಯ ಮಾತು. ಗುಜರಾತಿಗಳಿಗೆ ಇದು ಬೇಗ ಹತ್ತುತ್ತದೆ. ಆಗಲಿ, ಬರುವ ಭಾನುವಾರ ನಿಮ್ಮ ಚರ್ಚಿನಲ್ಲೇ ಮಾಡಿಸಿ. ಆದರೆ ಸೂರತ್ತಿನಲ್ಲಿರುವ ನನ್ನ ಅಮ್ಮನಿಗೆ ಮುಚ್ಚಿಟ್ಟು ಮಾಡುವುದು ಬೇಡ. ನಾಳೆ ಎಲ್ಲರೂ ಹೋಗೋಣ. ನೀವೇ ಹೇಳಿ."

ಸೆಲಿನ್ ಬಂದು ನನ್ನ ಕೊರಳಿಗೆ ಜೋತುಬಿದ್ದಳು. "ದೊಡ್ಡಮ್ಮ, ಯೂ ಆರ್ ಟೂ ಗುಡ್!" ಎಂದಳು. ನಾನು ಗೆದ್ದ ಮುಖ ಹೊತ್ತು ತಂಗಿಯ ಕಡೆ ತಿರುಗಿದೆ. ಲೂರ್ದು ಗೋಡೆಗೆ ಒರಗಿ ನಿಂತಿದ್ದಳು.

"ಈ ಭಾನುವಾರ ಬೇಡ" ಎಂದಳು. "ಸ್ವಲ್ಪ ದಿನ ಹೋಗ್ಲಿ."

ವಡೋದರಾ, ಅಡುಗೆಮನೆ

ಅಳಿಯನೂ ಮಗಳೂ ಕೂಸನ್ನು ಕರೆದುಕೊಂಡು ಪೇಟೆಗೆ ಹೋದ ಮೇಲೆ ತಂಗಿಯನ್ನು ಹಿಡಿದು ನಿಲ್ಲಿಸಿದೆ. ಬಾಯಿ ನೋಯುವಷ್ಟು ವಾದಿಸಿ ಗೆದ್ದುಕೊಟ್ಟರೆ ಬೇಡವೆನ್ನುತ್ತಾಳೆ! ಸಿಟ್ಟಿನಲ್ಲಿ ಏನೇನೋ ಅಂದೆ. ಅವಳು ಒಲೆಯ ಕಡೆ ಮುಖ ಮಾಡಿ, ಪಾತ್ರೆಯೊಂದನ್ನು ಒರೆಸುತ್ತಲೇ ಇದ್ದಳು.

"ನಾನು ಮಾಡ್‌ಬುಟ್ಟಿದ್ದೀನಿ ಕಣಕ್ಕ."

"ಏನು?"

"ಜ್ಞಾನಸ್ನಾನ. ಬಾಣಂತನಕ್ಕೆ ಬಂದಿದ್ದಾಗ, ಚಾಂದ್‌ಖೇಡಾ ಮನೇಲಿ. ಕೂಸಿಗೆ ನಾನೇ ದಿನಾ ನೀರು ಹಾಕ್ತಿದ್ದೆ. ಹಾಲು ನೆತ್ತಿಗೇರಿ ನೀಲಿ ಆಯ್ತು ಅಂದ್ನಲ್ಲ, ಅದರ ಮಾರನೇ ದಿನ. ಬಚ್ಚಲು ಬಾಗಿಲು ಹಾಕ್ಕೊಂಡು."

ನನ್ನೊಳಗಿನ ಭಾನುವಾರದ ಟೀಚರು ಎಲ್ಲಕ್ಕಿಂತ ಮೊದಲು ಎದ್ದಳು. ಈಗ ನೆನೆಸಿಕೊಂಡರೆ ನಗು ಬರುತ್ತದೆ. "ನೀರು ಹರೀತಾ? ಇಲ್ಲ ಒದ್ದೆ ಕೈಯಲ್ಲಿ ಸವರಿದ್ಯಾ?"

"ಚೊಂಬಲ್ಲಿ ಮೂರು ಸಲ ಹೊಯ್ದೆ."

"ಮಾತು?"

"ಹೆಸರು ಹಿಡಿದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಅಂತ ಪೂರ್ತಿ ಹೇಳ್ದೆ."

"ಮನಸ್ಸಲ್ಲಿ?"

"ಸಭೆ ಏನು ಕೊಡ್ತದೋ ಅದನ್ನೇ ಕೊಡ್ತೀನಿ ಅಂದ್ಕೊಂಡೆ. ನೀನು ಹೇಳಿಕೊಟ್ಟಿದ್ದು ಹಂಗೆ ತಾನೆ?"

ಉತ್ತರಗಳೆಲ್ಲ ಸರಿ. ಒಂದಕ್ಕೂ ಕಾಟು ಹೊಡೆಯುವ ಹಾಗಿಲ್ಲ. ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಜೀವಕ್ಕೆ ಅಪಾಯವಿಲ್ಲದಾಗ, ತಂದೆತಾಯಿಗೆ ತಿಳಿಸದೆ ಹೀಗೆ ಮಾಡಲು ಯಾರಿಗೂ ಹಕ್ಕಿಲ್ಲ. ಮಾಡಿದ್ದು ತಪ್ಪು. ಆದರೆ ಆದದ್ದು ಆಗಿಹೋಗಿದೆ. ನಮ್ಮ ಬೋಧನೆಯ ಪ್ರಕಾರ ಆಶಾಳ ಜ್ಞಾನಸ್ನಾನ ಮುಗಿದುಹೋಗಿದೆ. ಭಾನುವಾರ ಗುರುಗಳು ಹೊಯ್ಯುವ ನೀರು ಇನ್ನು ನಾಟಕವೇ.

"ಮತ್ತೆ ನನ್ನನ್ನ ಯಾಕೆ ಕರೆಸಿದೆ?"

"ಚರ್ಚಲ್ಲಿ ಒಂದ್ಸಲ ಆಗಿಹೋದ್ರೆ ನಂದು ಅದರ ಕೆಳಗೆ ಮುಚ್ಚಿ ಹೋಗ್ತದೆ ಅಂದ್ಕೊಂಡೆ. ಒಂದೇ ಜ್ಞಾನಸ್ನಾನ ಅಂತ ಭಾನುವಾರ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳ್ತೀನಿ ಅಕ್ಕ, ಬಾಯಲ್ಲಿ ಹೇಳ್ತಿದ್ದೆ ಅಷ್ಟೆ. ನೀನು ವಿಪುಲಂಗೆ, ಯಾರೂ ಮತ್ತೊಮ್ಮೆ ಕೊಡಲಾರರು ಅಂದಾಗ ಚರ್ಚಲ್ಲಿ ಮಾಡ್ಸಿದ್ರೆ ಅದು ಸುಳ್ಳಾಗ್ತದೆ ಅಂತ ಹೊಳೀತು." ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತ, "ಗುರುಗಳಿಗೆ ಗೊತ್ತಾಗಲ್ಲ, ಅಲ್ವಾ?" ಎಂದಳು.

"ನಿಂಗೆ ಗೊತ್ತಲ್ಲ" ಎಂದೆ. "ಈಗ ನಂಗೂ ಗೊತ್ತು."

ಹೇಳಿದರೆ ಮಗಳು ಏನೆನ್ನುತ್ತಾಳೋ, ಅಳಿಯ ಮನೆಗೆ ಸೇರಿಸುತ್ತಾನೋ ಇಲ್ಲವೋ, ಕೂಸನ್ನು ಮುಟ್ಟಲು ಬಿಡುತ್ತಾರೋ ಇಲ್ಲವೋ ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನನಗೂ ಅಳು ಬಂತು. ನಾನು ಗೆದ್ದದ್ದೇ ಅವಳನ್ನು ಸಿಕ್ಕಿಸಿತ್ತು.

ಸೂರತ್

ಮಾರನೇ ದಿನ ಎಲ್ಲರೂ ಸೂರತ್ತಿನ ರೈಲು ಹತ್ತಿದೆವು. ಎದುರಿಗೆ ಕೂತ ಸಂಸಾರವೊಂದು ಡಬ್ಬಿಗಳನ್ನು ಬಿಚ್ಚಿ ಥೇಪ್ಲಾ ರೊಟ್ಟಿ, ಉಪ್ಪಿನಕಾಯಿ, ಮತ್ತೇನೇನೋ ತೆಗೆದು, ಗುರುತಿಲ್ಲದ ನಮಗೂ ಕಾಗದದ ತಟ್ಟೆಯಲ್ಲಿ ಬಡಿಸಿತು. ಬೇಡವೆಂದರೆ ಕೇಳುವವರಲ್ಲ. ಲೂರ್ದು ತಟ್ಟೆ ಹಿಡಿದುಕೊಂಡೇ ಇದ್ದಳು.

ವಿಪುಲನ ತಾಯಿ ಶಾರದಾಬೆನ್ ಗಂಡ ತೀರಿದ ಮೇಲೆ ಸೀರೆಗಳಿಗೆ ಲೇಸು ಹೊಲಿಸಿಕೊಡುವ ವ್ಯಾಪಾರ ಇಟ್ಟವರು. ಮುಂದಿನ ಕೋಣೆಯಲ್ಲಿ ಸೊಂಟದೆತ್ತರ ಸೀರೆಯ ರಾಶಿ. ಹೊಲಿಯುವ ಹೆಂಗಸರ ಮೇಲೆ ಕೂಗಾಡುತ್ತಲೇ ನಮಗೆ ನೀರು ಕೊಟ್ಟು, ಲೋಚೊ ಎಂಬ ತಿಂಡಿ ತರಿಸಿದರು. ಬೇಯುವ ಮೊದಲೇ ಕದಡಿಹೋದ ಇಡ್ಲಿಗೆ ಬೆಣ್ಣೆ, ಖಾರ, ಸೇವು ಸುರಿದ ಹಾಗಿತ್ತು. ನೋಡಲು ಏನೇನೂ ಚೆನ್ನಾಗಿಲ್ಲ. ತಿಂದರೆ ಬಿಡಲಾಗುವುದಿಲ್ಲ.

ಹೆಂಗಸರನ್ನು ಊಟಕ್ಕೆ ಕಳಿಸಿ ಬಾಗಿಲು ಎಳೆದುಕೊಂಡ ಮೇಲೆ ಲೂರ್ದು ಕೂಸನ್ನು ಎತ್ತಿಕೊಂಡೇ ಎದ್ದು ನಿಂತಳು. ನಾನು ಹೇಳುತ್ತೇನೆಂದರೂ ಕೇಳಲಿಲ್ಲ. ತನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಬಚ್ಚಲು, ಚೊಂಬು, ಹಾಕಿಕೊಂಡ ಬಾಗಿಲು, ಏನನ್ನೂ ಬಿಡಲಿಲ್ಲ.

ವಿಪುಲ್ ಮೊದಲು ನಕ್ಕ. "ನನ್ನ ಲೆಕ್ಕದಲ್ಲಿ ಏನೂ ಆಗಿಲ್ಲ. ಮಮ್ಮಿ ಕೂಸಿಗೆ ಸ್ನಾನ ಮಾಡಿಸಿದರು, ಅಷ್ಟೇ." ಆಮೇಲೆ ನಗು ನಿಂತಿತು. "ಆದರೆ ಮೊದಲೇ ಮುಗಿಸಿ, ಆಮೇಲೆ ನನ್ನನ್ನು ಒಪ್ಪಿಸಲು ಮಾಸಿಯನ್ನು ಕರೆಸಿದಿರಾ? ನಿನ್ನೆ ನಾನು ಹೂಂ ಅಂದದ್ದಕ್ಕೆ ಬೆಲೆ ಏನು?"

ಸೆಲಿನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮಮ್ಮಿ, ನಾನು ಪಕ್ಕದ ರೂಮಲ್ಲೇ ಇದ್ದೆ ನಾ? ಏಕ್ ಬಾರ್ ಕೇಳಬೇಕಿತ್ತು. ನನ್ನ ಮಗು ಅದು" ಎಂದಳು. ಎದ್ದು ಬಂದು ಲೂರ್ದುವಿನ ಕೈಯಿಂದ ಕೂಸನ್ನು ಎತ್ತಿಕೊಂಡಳು.

ಶಾರದಾಬೆನ್ ಇಷ್ಟು ಹೊತ್ತೂ ಒಂದು ಸೀರೆಯ ಅಂಚನ್ನು ಬೆರಳಲ್ಲಿ ಮಡಚುತ್ತ ಬಿಚ್ಚುತ್ತ ಇದ್ದರು. ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. "ಬೆನ್, ನಾನು ಮುಳುಗಿ ಎದ್ದದ್ದು ತಾಪಿ ನದಿಯಲ್ಲಿ, ಮದುವೆಯಾಗಿ ಮಗನಾದ ಮೇಲೆ. ನನ್ನ ಅಣ್ಣ ಆಮೇಲೆ ನನ್ನ ಮನೆಯ ನೀರು ಮುಟ್ಟಲಿಲ್ಲ. ಅಮ್ಮ ಮಾತ್ರ ಬರುತ್ತಿದ್ದಳು, ತನ್ನ ನೀರನ್ನು ತಾನೇ ಲೋಟದಲ್ಲಿ ತಂದುಕೊಂಡು. ಕೊನೆಯವರೆಗೂ ಅಂಬಾಜಿ ದೇವಿಗೆ, ಏಕಾದಶಿಗೆ ಅಂತ ಉಪವಾಸ ಮಾಡುತ್ತಲೇ ಹೋದಳು. ನಮ್ಮ ಪಾಸ್ಟರನ್ನು ಕೇಳಿದೆ, ಅವಳು ಎಲ್ಲಿದ್ದಾಳೆ ಅಂತ. ನಂಬದವರಿಗೆ ರಕ್ಷಣೆ ಇಲ್ಲ ಅಂದರು. ನಿಮ್ಮ ಸಭೆ ಏನು ಹೇಳುತ್ತದೆ?"

ವಡೋದರಾದಲ್ಲಿ ಉಯ್ಯಾಲೆಗೆ ಎದುರಾಗಿ ಹೇಳಿದ ಮಾತುಗಳೆಲ್ಲ ಆಟದ ಮಾತು ಅನ್ನಿಸಿತು ಆಗ. ಇದನ್ನು ನಾನು ತಪ್ಪಿಲ್ಲದೆ ಹೇಳಬೇಕಿತ್ತು. ಸೆಲಿನ್‌ಗೆ ಕನ್ನಡದಲ್ಲಿ ಹೇಳಿ, ಅವಳಿಂದ ಗುಜರಾತಿಯಲ್ಲಿ ಹೇಳಿಸಿದೆ. ತನ್ನ ತಪ್ಪಿಲ್ಲದೆ ಯೇಸುವನ್ನು ಅರಿಯದೆ, ಆದರೂ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿದವರಿಗೆ ರಕ್ಷಣೆಯ ಬಾಗಿಲು ಮುಚ್ಚಿಲ್ಲ ಎಂದು ನಮ್ಮ ಸಭೆ ಕಲಿಸುತ್ತದೆ. ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಅದಕ್ಕೆ ಕಟ್ಟುಬಿದ್ದಿಲ್ಲ. ನೀರು ಬೀಳದೆ ತೀರಿಹೋದ ಕೂಸುಗಳನ್ನೂ ನಾವು ಅವನ ಕರುಣೆಗೇ ಒಪ್ಪಿಸುತ್ತೇವೆ.

ಶಾರದಾಬೆನ್ ಸೀರೆಯನ್ನು ಪಕ್ಕಕ್ಕಿಟ್ಟರು. ಕಣ್ಣು ತುಂಬಿತ್ತು. ಆಮೇಲೆ ಲೂರ್ದುವಿನ ಕಡೆ ಗದ್ದದಲ್ಲೇ ತೋರಿಸಿ ಕೇಳಿದರು, "ನಿಮ್ಮ ದೇವರು ಅಷ್ಟು ದೊಡ್ಡವನಾದರೆ, ಈಕೆ ಬಾಗಿಲು ಹಾಕಿಕೊಂಡದ್ದು ಯಾತಕ್ಕೆ?"

ನಾನು ಬಾಯಿ ತೆರೆದೆ. ಲೂರ್ದು ನನ್ನ ಕೈ ಹಿಡಿದು ತಡೆದಳು. "ದೇವರ ಮೇಲೆ ಅನುಮಾನ ಇರ್ಲಿಲ್ಲ ಬೆನ್" ಎಂದಳು. "ಗಾಜಿನ ಪೆಟ್ಟಿಗೆ ಹೊರಗೆ ಕೂತಾಗ ನನ್ನ ಕೈಗೆ ಮಾಡೋಕೆ ಒಂದು ಕೆಲಸಾನೂ ಇರ್ಲಿಲ್ಲ. ಎಲ್ಲ ಡಾಕ್ಟ್ರೇ ಮಾಡಿದ್ರು. ಮನೆಗೆ ಬಂದ್ಮೇಲೆ ಈ ಒಂದು ನನ್ನ ಕೈಲಿ ಆಯ್ತಿತ್ತು."

ಯಾರೂ ಅವಳನ್ನು ಕ್ಷಮಿಸಿದೆ ಎನ್ನಲಿಲ್ಲ. ಶಾರದಾಬೆನ್ ಎದ್ದು ಚಹಾಕ್ಕೆ ನೀರಿಟ್ಟರು. ವಿಪುಲ್ ನಿಧಾನವಾಗಿ ಒಂದು ತೀರ್ಮಾನ ಹೇಳಿದ. ಭಾನುವಾರ ಚರ್ಚೂ ಇಲ್ಲ, ಏನೂ ಇಲ್ಲ. ಆಶಾ ದೊಡ್ಡವಳಾಗಿ ಅವಳೇ ಕೇಳಿದರೆ ತಾನು ನದಿಗೆ ಕರೆದುಕೊಂಡು ಹೋಗುತ್ತಾನೆ. ಅದು ಎರಡನೇ ಸಲ, ನಮ್ಮ ಬೋಧನೆಯಲ್ಲಿ ಆಗದ ಮಾತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಬದುಕಿನಲ್ಲಿ ಮೊದಲ ಸಲ ನಾನಾಗಿಯೇ ತಿದ್ದದೆ ಬಿಟ್ಟೆ, ಅದು ನನಗೆ ಸುಲಭವಾಗಿರಲಿಲ್ಲ.

ಆ ಸಂಜೆ ಕೂಸಿಗೆ ಹಾಲು ಕುಡಿಸಿದ್ದು, ಬಟ್ಟೆ ಬದಲಿಸಿದ್ದು, ತೊಡೆಯ ಮೇಲೆ ಹಾಕಿ ತಟ್ಟಿದ್ದು ಎಲ್ಲ ಸೆಲಿನ್ ಒಬ್ಬಳೇ. ಒಮ್ಮೆ ಅವಳು ಒಳಗೆ ಹೋಗಬೇಕಾದಾಗ ಲೂರ್ದು ತಾನಾಗಿ ಕೈ ಚಾಚಿದಳು. ಸೆಲಿನ್ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಹೋದಳು. ಚಾಚಿದ ಕೈಯನ್ನು ಲೂರ್ದು ಸೀರೆಯ ರಾಶಿಯ ಮೇಲಿಟ್ಟು, ಯಾವುದೋ ಸೀರೆಯ ಮಡಿಕೆ ಸರಿಮಾಡಿದಳು.

ಸೂರತ್, ಮರುದಿನ

ನನ್ನ ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ನಾನು ಚೀಲ ಕಟ್ಟುತ್ತಿದ್ದಾಗ ಶಾರದಾಬೆನ್ ದಾರಿಗೆಂದು ತಿಂಡಿಯ ಡಬ್ಬಿ ತುಂಬಿಸಿ ತಂದರು. ಅಮ್ಮನ ವಿಷಯದಲ್ಲಿ ನಾನು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಗುಜರಾತಿನಲ್ಲಿ ಹೊರಡುವವರಿಗೆ ಹೋಗು ಎನ್ನುವುದಿಲ್ಲ, "ಆವ್‌ಜೋ", ಬನ್ನಿ ಎನ್ನುತ್ತಾರೆ. ನಮ್ಮಲ್ಲೂ ಹೋಗಿ ಬನ್ನಿ ಎನ್ನುವುದೇ ವಾಡಿಕೆ. ಅವರು ಹೇಳಿದಾಗ ನಿಜಕ್ಕೂ ಕರೆದ ಹಾಗಿತ್ತು.

ಹಿತ್ತಿಲ ಬಚ್ಚಲಿನಲ್ಲಿ ಬಿಸಿನೀರು ಕಾದಿತ್ತು. ಸೆಲಿನ್ ಕೂಸಿಗೆ ಎಣ್ಣೆ ತಿಕ್ಕಿ ಎತ್ತಿಕೊಂಡು ಹೋದಳು. ವಡೋದರಾದಲ್ಲಿ ಟಬ್ಬಿನಲ್ಲಿ ಕೂರಿಸಿಯೇ ರೂಢಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ಯುವುದು ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಕೂಸು ಜಾರಿತು, ಅವಳು ಕೂಗಿಕೊಂಡಳು. ಲೂರ್ದು ಬಾಗಿಲವರೆಗೆ ಓಡಿ, ಹೊಸ್ತಿಲ ಈಚೆಗೇ ನಿಂತುಬಿಟ್ಟಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು.

"ಬಾ, ನೀನೇ ಹಾಕು" ಎಂದಳು ಸೆಲಿನ್. "ನಾನು ಇಲ್ಲೇ ನಿಲ್ತೀನಿ."

ಲೂರ್ದು ಮಣೆಯ ಮೇಲೆ ಕೂತು ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಸೆಲಿನ್ ಹೆಗಲ ಮೇಲೆ ಟವೆಲು ಹಾಕಿಕೊಂಡು, ತೆರೆದ ಬಾಗಿಲಿಗೆ ಒರಗಿ ನಿಂತಳು. ಅವಳ ಹಿಂದೆ ನಾನು. ಲೂರ್ದು ನೀರು ಹೊಯ್ಯತೊಡಗಿದಳು. ನಮ್ಮ ಕಡೆ ಯಾರೂ ಬಾಯಿ ಮುಚ್ಚಿಕೊಂಡು ಕೂಸಿಗೆ ನೀರು ಹಾಕುವುದಿಲ್ಲ. ಹಾಡೋ, ಹರಟೆಯೋ, ಸುಳ್ಳೇ ಬೈಗುಳವೋ ಇರಲೇಬೇಕು. ಅವಳು ಮಾತ್ರ ತುಟಿ ಬಿಗಿಹಿಡಿದಿದ್ದಳು. ತುಟಿ ಅಲ್ಲಾಡಿದರೂ ಮಗಳು ಏನು ತಿಳಿದುಕೊಳ್ಳುವಳೋ ಎಂಬ ಹೆದರಿಕೆ ಅವಳ ಮುಖದ ಮೇಲೇ ಇತ್ತು. ಕೂಸು ಅಜ್ಜಿಯ ಬಾಯನ್ನೇ ನೋಡುತ್ತಿತ್ತು. ನೋಡಿ ನೋಡಿ ಅದರ ತುಟಿ ಕೆಳಗೆ ಬಂತು, ಅಳು ಶುರುವಾಯಿತು.

"ಕುಛ್ ಬೋಲ್ ನಾ ಮಮ್ಮಿ. ಅವಳಿಗೆ ಡರ್ ಆಗ್ತಿದೆ."

"ಏನ್ ಹೇಳ್ಲವ್ವ?"

"ಏನಾದ್ರೂ ಹೇಳು. ನನಗೆ ಕೇಳೋ ಥರ ಹೇಳು."

ಲೂರ್ದು ಚೊಂಬು ಮುಳುಗಿಸಿ ನೀರು ತೆಗೆದಳು. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಹೇಳತೊಡಗಿದಳು. "ಈಗ ಕಾಲಿಗೆ ನೀರು ಹಾಕ್ತೀನಿ. ಈಗ ಬೆನ್ನಿಗೆ." ಕೂಸಿನ ಅಳು ನಿಂತಿತು. ತಲೆಯ ಸರದಿ ಬಂದಾಗ ಅವಳ ಕೈ ತಡೆಯಿತು. ತಲೆಯೆತ್ತಿ ಮಗಳ ಮುಖ ನೋಡಿದಳು.

"ಈಗ ತಲೆಗೆ ಕಣವ್ವ" ಎಂದಳು. "ಬರೀ ನೀರು."